ದಡದ ಹೊತ್ತು

ಪುಷ್ಯದ ನಸುಕಿನಲ್ಲಿ ಗೋಕರ್ಣ ಬಿಟ್ಟು ಕುಡ್ಲೆ, ಓಂ ತೀರ ದಾಟಿ ತದಡಿಯತ್ತ ನಡೆಯುವಾಗ ಕಾಲುದಾರಿ ಒಮ್ಮೆ ಮುರಕಲ್ಲಿನ ಗುಡ್ಡ ಹತ್ತುತ್ತದೆ, ಒಮ್ಮೆ ಮರಳಿಗಿಳಿಯುತ್ತದೆ. ಗುಡ್ಡದ ಹುಲ್ಲು ಒಣಗಿ ಹೊಂಬಣ್ಣವಾಗಿದೆ. ಗಾಳಿ ಇನ್ನೂ ನೆಲದಿಂದ ಕಡಲಿಗೆ ಬೀಸುತ್ತಿದೆ; ಬಿಸಿಲೇರಿದ ಮೇಲೆ ಅದು ತಿರುಗುತ್ತದೆ. ಕರಾವಳಿಯ ಚಳಿಗೆ ಆಯಸ್ಸು ಅಷ್ಟೇ.

ಮೊದಲ ದಿನ ಬಂಡೆಗಳ ಬುಡದಲ್ಲಿ ಒದ್ದೆ ಮರಳಿನ ಮೇಲೆ ಸಲೀಸಾಗಿ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಬಂದರೆ ಅಲ್ಲಿ ದಾರಿಯೇ ಇಲ್ಲ, ಸೊಂಟದವರೆಗೆ ನೀರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆಂಬುದು ಓದಿ ತಿಳಿದ ಮಾತಾಗಿತ್ತು. ಅಂದು ಬಂಡೆಯ ಮೇಲೆ ಕೂತು ನೀರು ಇಳಿಯುವುದನ್ನು ಕಾಯುವಾಗ ಒಂದು ಪ್ರಶ್ನೆ ಹಿಡಿಯಿತು: ದಡ ಎಂಬುದು ಜಾಗವೋ, ಹೊತ್ತೋ?

ತದಡಿಯ ಬಳಿ ಅಘನಾಶಿನಿ ಕಡಲು ಸೇರುತ್ತಾಳೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರೂ ಉಪ್ಪುನೀರೂ ತಮ್ಮ ತಮ್ಮ ಲೆಕ್ಕದಲ್ಲೇ ಬಂದು ಕೂಡುತ್ತವೆ. ಇಲ್ಲಿನ ಗಜನಿ ಗದ್ದೆಯನ್ನು ಏನೆಂದು ಕರೆಯೋಣ? ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಅಲ್ಲಿ ಆಳೆತ್ತರ ಬೆಳೆಯುತ್ತದೆ, ಗೊಬ್ಬರ ಬೇಡ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಅದೇ ನೆಲದಲ್ಲಿ ಆಗ ಸಿಗಡಿ, ಮೀನು. ಭತ್ತದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ, ಅವುಗಳ ಕಸ ಮುಂದಿನ ಭತ್ತಕ್ಕೆ ಸಾರವಾಗುತ್ತದೆ. ಹೊಲವೆಂದರೂ ಸರಿ, ಕಡಲೆಂದರೂ ಸರಿ; ಯಾವ ತಿಂಗಳೆಂದು ಮೊದಲು ಹೇಳಬೇಕು. ಸಾಣಿಕಟ್ಟೆಯ ಆಗರಗಳಲ್ಲೂ ಹಾಗೆಯೇ, ಮಳೆ ಹೋಗಿ ಬಿಸಿಲು ಬಲಿತ ಮೇಲಷ್ಟೇ ನೀರು ಉಪ್ಪಾಗುವುದು.

2024ರಲ್ಲಿ ಈ ಅಳಿವೆ ಜೌಗುನೆಲಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷವಾಯಿತು. ಕಾಯಬೇಕಾದರೆ ನಕ್ಷೆಯ ಮೇಲೆ ಗೆರೆ ಎಳೆಯಲೇಬೇಕು. ಆದರೆ ನೆಲ ಹನ್ನೆರಡು ತಿಂಗಳೂ ನೆಲವಾಗಿಯೇ ಇರಬೇಕೆಂಬ ನಮ್ಮ ಹಟದಿಂದ ಈ ನೀರಿನ ಹೋಗಿಬರುವಿಕೆಯನ್ನು ಯಾವ ಗೆರೆ ಕಾಪಾಡೀತು? ಆಚೆ ದಡಕ್ಕೆ ತಾರಿ ಕಾಯುತ್ತ ಇದನ್ನೇ ಯೋಚಿಸುತ್ತಿದ್ದೆ.

ಹೊಳೆಯ ನಡುವೆ ಕೆಸರು ದಿಬ್ಬ ಮೇಲೆದ್ದಿತ್ತು. ಹೆಂಗಸರು ಬಾಗಿ ಬಳಚಿನ ಚಿಪ್ಪು ಹೆಕ್ಕುತ್ತಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ಪಾದದ ಸುತ್ತ ನೀರು ತಣ್ಣಗೆ ಸುಳಿಯತೊಡಗಿದಾಗ ಒಬ್ಬಾಕೆ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು, ಉಳಿದವರೂ ಎದ್ದರು. ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದಲ್ಲಿ ದೋಣಿಯೊಂದು ಹಾದುಹೋಯಿತು.