ಮತವನ್ನು ಒಲಿಸುವುದೂ ಮನಸ್ಸನ್ನು ಕೊಳ್ಳುವುದೂ

‘ಮತ’ ಎಂಬ ಶಬ್ದವು ‘ಮನ್’ ಧಾತುವಿನಿಂದ ನಿಷ್ಪನ್ನವಾದುದು. ಮನನಕ್ಕೆ ವಿಷಯವಾದುದು, ಮನಸ್ಸು ತೂಗಿನೋಡಿ ಒಪ್ಪಿದುದು ಎಂಬುದೇ ಅದರ ಮೂಲಾರ್ಥ. ಧರ್ಮಪಂಥಕ್ಕೂ, ಅಭಿಪ್ರಾಯಕ್ಕೂ, ಚುನಾವಣೆಯ ಚೀಟಿಗೂ ಕನ್ನಡದಲ್ಲಿ ಇದೊಂದೇ ಶಬ್ದವು ಸಲ್ಲುತ್ತಿರುವುದು ಅರ್ಥವತ್ತಾಗಿಯೇ ಇದೆ. ಮನನವಿಲ್ಲದೆ ಹಾಕಿದ ಚೀಟಿಯು ಎಣಿಕೆಗೆ ಸಲ್ಲಬಹುದು. ಶಬ್ದಾರ್ಥದಲ್ಲಿ ಅದು ಮತವಾಗಲಾರದು. ಹೀಗಿರಲು, ಇನ್ನೂ ನಿಶ್ಚಯಕ್ಕೆ ಬಾರದೆ ಹೊಯ್ದಾಡುತ್ತಿರುವವನ ಮನಸ್ಸನ್ನು ಮತ್ತೊಬ್ಬನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಎಷ್ಟರಮಟ್ಟಿಗೆ ಧರ್ಮಸಮ್ಮತ? ಒಲಿಸುವುದಕ್ಕೂ ಕೊಳ್ಳುವುದಕ್ಕೂ ನಡುವಣ ಗೆರೆ ಎಲ್ಲಿದೆ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ನಾಡು ಕಂಡ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ಗೃಹಸ್ಥರು ರಾಷ್ಟ್ರಪತಿಯನ್ನು ನೇರವಾಗಿ ಆರಿಸುವುದಿಲ್ಲ. ಅವರು ಆರಿಸಿ ಕಳುಹಿಸಿದ ಶಾಸಕರೂ ಸಂಸತ್ಸದಸ್ಯರೂ ಅವರ ಪರವಾಗಿ ಮತ ಕೊಡುತ್ತಾರೆ. ಈ ಮತಕ್ಕೊಂದು ತೂಕವುಂಟು. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಸ್ಥಾನಗಳಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಮೌಲ್ಯವು ದೊರೆಯುತ್ತದೆ. 1961ರ ಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 2,35,86,772. 1967ರ ವಿಧಾನಸಭೆಯ ಸ್ಥಾನಗಳು 216. ಆದುದರಿಂದ 1969ರಲ್ಲಿ ಆ ಸಭೆಯ ಒಬ್ಬ ಸದಸ್ಯನ ಮತಕ್ಕೆ 109ರ ಮೌಲ್ಯವಿತ್ತು. ಒಂದು ಚೀಟಿಯ ಹಿಂದೆ ಒಂದು ಲಕ್ಷ ಒಂಬತ್ತು ಸಾವಿರ ಜೀವಗಳು ನಿಂತಿದ್ದುವೆಂಬುದು ಈ ಲೆಕ್ಕದ ತಾತ್ಪರ್ಯ. ಮತದಾನವಾದರೋ ಗುಪ್ತ, ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು ಎಂದು ಒಲವಿನ ಕ್ರಮವನ್ನು ಬರೆಯಬೇಕು. ಪಕ್ಷವು ತನ್ನ ಸದಸ್ಯನನ್ನು ವಿಪ್ ಹೊರಡಿಸಿ ಕಟ್ಟಿಹಾಕುವಂತಿಲ್ಲ.

1969ನೆಯ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ಕಾಲವಶರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಆ ಭಾರವನ್ನು ತತ್ಕಾಲಕ್ಕೆ ಹೊತ್ತರು. ಇವರು 1965ರಿಂದ 1967ರ ವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದವರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಜರುಗಿತು. ಆ ಸಂದರ್ಭದಲ್ಲಿಯೇ ಪಕ್ಷದ ಸಂಸದೀಯ ಮಂಡಲಿಯು ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯೆಂದು ನಿಶ್ಚಯಿಸಿತು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಮನಸ್ಸು ಜಗಜೀವನ ರಾಮರ ಕಡೆಗಿತ್ತು. ಅಲ್ಪಸಂಖ್ಯಾತರಾಗಿ ಸೋತ ಅವರು ಅನಂತರ ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದರು. ಗಿರಿಯವರು ಸ್ವತಂತ್ರರಾಗಿ ನಿಂತು ಜುಲೈ 20ರಂದು ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತರು. ಸ್ವತಂತ್ರ ಪಕ್ಷವೂ ಜನಸಂಘವೂ ಸಿ. ಡಿ. ದೇಶಮುಖರನ್ನು ಬೆಂಬಲಿಸಿದುವು. ಕಣದಲ್ಲಿ ಒಟ್ಟು ಹದಿನೈದು ಮಂದಿಯಿದ್ದರೂ ಸ್ಪರ್ಧೆಯು ಈ ಮೂವರದೇ.

ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪನವರು. ಅವರ ವಿಷಯದಲ್ಲಿ ಈ ಸೀಮೆಗೆ ವಿಶೇಷ ಅಭಿಮಾನವಿರಲು ಕಾರಣವುಂಟು. ಏಕೀಕರಣಕ್ಕಾಗಿ ದುಡಿದವರು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳು ಎಂಬುದಲ್ಲದೆ, 1967ರಲ್ಲಿ ಅವರು ವಿಧಾನಸಭೆಗೆ ಆರಿಸಿಹೋದುದು ಶಿಗ್ಗಾಂವಿಯಿಂದ. ಅಂದಿನ ಶಾಸಕನೊಬ್ಬನು ಆಗಸ್ಟ್ ತಿಂಗಳಲ್ಲಿ ಇನ್ನೂ ನಿಶ್ಚಯವಿಲ್ಲದೆ ಕುಳಿತಿದ್ದನೆಂದು ಭಾವಿಸಿದರೆ, ಅವನ ಕಿವಿಗೆ ಬೀಳುತ್ತಿದ್ದ ಮಾತುಗಳಾವುವು? ಪಕ್ಷದ ನಿರ್ಣಯಕ್ಕೆ ತಲೆಬಾಗು, ಅದರ ಚೀಟಿಯ ಮೇಲೆಯೇ ಗೆದ್ದುಬಂದವನು ನೀನು ಎಂಬುದೊಂದು. ಅಧ್ಯಕ್ಷರು ನಮ್ಮ ನಾಡಿನವರು, ನಮ್ಮವರು. ಅವರಿಗೆ ಮುಖಭಂಗವಾಗಬಾರದು ಎಂಬುದು ಮತ್ತೊಂದು. ಮೂರನೆಯದು ದಿಲ್ಲಿಯಿಂದ ಬಂದ ಮಾತು: ಆತ್ಮಸಾಕ್ಷಿಗೆ ಅನುಸಾರವಾಗಿ ಮತ ಕೊಡಿ. ಪ್ರಧಾನಮಂತ್ರಿಯವರು ತಾವೇ ಸೂಚಿಸಿದ ಅಭ್ಯರ್ಥಿಯ ಪರವಾಗಿ ಅಪ್ಪಣೆ ಹೊರಡಿಸಲೊಪ್ಪದೆ ಈ ಕರೆಯನ್ನಿತ್ತುದು ಜಗತ್ಪ್ರಸಿದ್ಧವಾಯಿತು. ಇವಲ್ಲದೆ, ಕರ್ತೃವಿನ ಹೆಸರಿಲ್ಲದ ಕರಪತ್ರವೊಂದು ಸಂಸದ್ಭವನದ ಸೆಂಟ್ರಲ್ ಹಾಲಿನ ವರೆಗೂ ಹೋಗಿ ರೆಡ್ಡಿಯವರ ಶೀಲದ ಮೇಲೆ ಕೆಸರೆರಚಿತು.

ಈ ನಾಲ್ಕರಲ್ಲಿ ಕರಪತ್ರದ ವಿಚಾರಕ್ಕೆ ಹೆಚ್ಚು ಮಾತು ಬೇಕಿಲ್ಲ. ಹೆಸರು ಹಾಕಲು ಧೈರ್ಯವಿಲ್ಲದವನ ಮಾತಿನಿಂದ ಮನಸ್ಸು ತಿರುಗಿತೆಂದರೆ ಅದು ಕದ್ದ ಮನಸ್ಸು. ಮೊದಲನೆಯದು ಯುಕ್ತಿಯುಕ್ತವೇ, ಪಕ್ಷದ ಬಲದಿಂದ ಬಂದವನಿಗೆ ಪಕ್ಷದ ಋಣವುಂಟು. ಆದರೆ ಸಂವಿಧಾನವು ಮತವನ್ನು ಗುಪ್ತವಾಗಿರಿಸಿದುದು ಆ ಋಣವೊಂದೇ ಕೊನೆಯ ಮಾತಾಗಬಾರದೆಂದೇ. ಎರಡನೆಯ ಮಾತು ಮಧುರವಾದುದು; ಮಧುರವಾದುದರಿಂದಲೇ ಅಪಾಯಕರವಾದುದು. ನಮ್ಮವರೆಂಬ ಮಮತೆಯು ಸಂಸಾರದಲ್ಲಿ ಗುಣ, ತಕ್ಕಡಿಯ ಮುಂದೆ ಕುಳಿತಾಗ ದೋಷ. ಕುಲದ ಹೆಸರು ಕೇಳಿ ಮಣೆ ಹಾಕುವ ರೂಢಿಯನ್ನು ಶರಣರು ಮುರಿದರೆಂದು ಹೆಮ್ಮೆಪಡುವ ಜನವು ಚುನಾವಣೆ ಬಂದೊಡನೆ ಅದೇ ಮಣೆಯನ್ನು ಹುಡುಕಿ ತರುವುದು ವಿಪರ್ಯಾಸ.

ವಿಚಾರಿಸಬೇಕಾದುದು ಮೂರನೆಯದು. ಆತ್ಮಸಾಕ್ಷಿಯ ಹೆಸರಿನಲ್ಲಿ ಮತ ಕೇಳುವುದಕ್ಕಿಂತ ಶುದ್ಧವಾದ ಒಲಿಸುವಿಕೆ ಮೇಲ್ನೋಟಕ್ಕೆ ಬೇರೆ ಕಾಣದು. ಅರಿವೇ ಗುರುವೆಂಬ ತತ್ತ್ವಕ್ಕೆ ಅದು ಹತ್ತಿರವಾಗಿಯೂ ತೋರುತ್ತದೆ. ಆದರೆ ಕರೆಯಿತ್ತವರ ಒಲವು ಯಾರ ಕಡೆಗೆಂಬುದು ಎಲ್ಲರಿಗೂ ತಿಳಿದಿತ್ತು. ಅವರ ಸಹಿಯಾದರೋ ಇನ್ನೊಬ್ಬರ ನಾಮಪತ್ರದ ಮೇಲಿತ್ತು. ನುಡಿಗೂ ನಡೆಗೂ ನಡುವೆ ಬಿದ್ದ ಈ ಬಿರುಕನ್ನು ಆತ್ಮಸಾಕ್ಷಿಯೆಂಬ ದೊಡ್ಡ ಮಾತಿನಿಂದ ಮುಚ್ಚಲಾದೀತೇ? ಇತ್ತ ನಿಜಲಿಂಗಪ್ಪನವರ ಪಕ್ಷದಲ್ಲಿಯೂ ಬಿರುಕಿಲ್ಲದಿರಲಿಲ್ಲ. ಸ್ವಪಕ್ಷದವರಿಗೆ ಶಿಸ್ತನ್ನು ಬೋಧಿಸುತ್ತಿದ್ದ ಅವರು, ದೇಶಮುಖರಿಗೆ ಮೊದಲ ಮತ ಕೊಡುವವರು ಎರಡನೆಯ ಒಲವನ್ನು ರೆಡ್ಡಿಯವರಿಗೆ ಕೊಡಲೆಂದು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರನ್ನು ಕಂಡುಬಂದರು. ಅದು ಕಾನೂನಿಗೆ ವಿರುದ್ಧವಲ್ಲ. ಎರಡನೆಯ ಮತವನ್ನು ಕೇಳುವುದರಲ್ಲಿ ಪಾಪವೂ ಇಲ್ಲ. ಆದರೆ ಪಕ್ಷನಿಷ್ಠೆಯೇ ಧರ್ಮವೆಂದು ಒಳಗೆ ಹೇಳಿ, ಹೊರಗಿನವರ ಬಳಿ ಅವರವರ ನಿಷ್ಠೆಯ ಅಂಚನ್ನು ಕೇಳಹೋದಾಗ, ಹೊಯ್ದಾಡುತ್ತಿದ್ದವನಿಗೆ ಇನ್ನಷ್ಟು ಹೊಯ್ದಾಡಲು ನೆವ ಸಿಕ್ಕಿತು. ಹಿರಿಯರಿಬ್ಬರಲ್ಲಿಯೂ ದೋಷ ಕಾಣುವುದು ಅಪ್ರಿಯವಾದರೂ, ಕಂಡುದನ್ನು ಕಾಣಲಿಲ್ಲವೆನ್ನುವುದು ಭಕ್ತಿಯಲ್ಲ.

ಹಾಗಾದರೆ ಒಲಿಸುವುದೇ ತಪ್ಪೆ? ಎಂದಿಗೂ ಅಲ್ಲ. ಕಲ್ಯಾಣದ ಅನುಭವಗೋಷ್ಠಿಯೇ ಪರಸ್ಪರ ಒಲಿಸುವ ಸ್ಥಾನವಾಗಿತ್ತೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಪ್ರಶ್ನೆಯುಂಟು, ಪ್ರತಿಪ್ರಶ್ನೆಯುಂಟು, ಕಿರಿಯನು ಹಿರಿಯನನ್ನು ತಡೆದು ಕೇಳಿದುದುಂಟು. ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನವು ಬೇರೊಂದು ಬಗೆಯ ಒಲಿಸುವಿಕೆಯನ್ನು ವರ್ಣಿಸುತ್ತದೆ. ಏಕಾಂತದ ರಾಮಯ್ಯನು ವಾದದಲ್ಲಿ ತನ್ನ ತಲೆಯನ್ನೇ ಪಣವಾಗಿಟ್ಟು, ಅರಿದು ಒಪ್ಪಿಸಿ, ಶಿವಕೃಪೆಯಿಂದ ಮತ್ತೆ ಪಡೆದನೆಂದೂ, ಬಿಜ್ಜಳನಿಂದ ಜಯಪತ್ರವನ್ನು ಪಡೆದನೆಂದೂ ಅದರ ಕಥನ. ಅದೇ ಕಥೆಯಲ್ಲಿ ಜಿನಮೂರ್ತಿಯನ್ನು ಒಡೆದ ಸಂಗತಿಯೂ ಇದೆ. ಅದನ್ನು ಇಂದು ಓದುವಾಗ ಮನಸ್ಸು ಭಾರವಾಗದಿರದು, ಭಾರವಾಗಬೇಕಾದುದೇ ನ್ಯಾಯ. ಅದನ್ನು ಬದಿಗಿಟ್ಟರೆ ಪ್ರಕೃತಕ್ಕೆ ಬೇಕಾದ ಅಂಶವೊಂದು ಉಳಿಯುತ್ತದೆ. ರಾಮಯ್ಯನು ಪಣವಾಗಿಟ್ಟುದು ತನ್ನ ತಲೆಯನ್ನು, ಕೇಳುವವನ ತಲೆಯನ್ನಲ್ಲ. ತನ್ನ ಮಾತಿಗೆ ತಾನು ಹೊಣೆಯಾಗಿ, ತಪ್ಪಿದರೆ ತಾನೇ ನಷ್ಟವನ್ನು ಹೊರುವವನು ಒಲಿಸುವವನು. ಕೇಳುವವನ ಭಯವನ್ನೋ ಆಸೆಯನ್ನೋ ಪಣಕ್ಕಿಟ್ಟು ತಾನು ಸುಖವಾಗಿ ಕುಳಿತಿರುವವನು ಕೊಳ್ಳುವವನು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಹೊಯ್ದಾಡುವವನೆಲ್ಲ ಮನನಶೀಲನೇ ಏನು? ಎರಡು ಕಡೆಯಿಂದಲೂ ಬೆಲೆ ಏರಲೆಂದು ಸುಮ್ಮನಿರುವವನೂ ಉಂಟಲ್ಲ! ನಿಜ. ಸಂದೇಹವು ಜಿಜ್ಞಾಸುವಿನ ಲಕ್ಷಣವೂ ಹೌದು, ವ್ಯಾಪಾರಿಯ ಉಪಾಯವೂ ಹೌದು. ಭೇದವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಜಿಜ್ಞಾಸುವು ಅಭ್ಯರ್ಥಿಯ ಗುಣವನ್ನು ಕುರಿತು ಕೇಳುತ್ತಾನೆ, ತನಗೇನೆಂದು ಕೇಳುವುದಿಲ್ಲ. ಮತ್ತೊಂದು ಮಾತೂ ಇದೆ. 109ರ ತೂಕದ ಚೀಟಿಯನ್ನು ಹಿಡಿದವನು ಅದನ್ನು ತನ್ನ ಸ್ವಂತದ ಸೊತ್ತೆಂದು ತಿಳಿದು ‘ನನ್ನ ಆತ್ಮಸಾಕ್ಷಿ’ ಎಂದರೆ ಸಾಲದು. ಅದು ನಂಬಿ ಕೊಟ್ಟ ನಿಕ್ಷೇಪ. ಜಂಗಮದ ಪಾಲನ್ನು ಕೈಯಲ್ಲಿ ಹಿಡಿದ ಭಕ್ತನು ಅದನ್ನು ತನ್ನ ಮನಸ್ಸಿಗೆ ಬಂದಂತೆ ವ್ಯಯಮಾಡನಷ್ಟೆ. ಹಾಗೆಂದು ಹಿಡಿದವನು ವಿವೇಕವನ್ನು ಬಿಟ್ಟು ಊರವರ ಕೂಗಿಗೆ ಓಗೊಡಬೇಕೆಂದೂ ಅಲ್ಲ. ಜನವು ಕೊಟ್ಟುದು ವಿವೇಕಿಯೆಂಬ ನಂಬಿಕೆಯಿಂದ. ವಿವೇಕವನ್ನು ಬಳಸದಿರುವುದೇ ಆ ನಂಬಿಕೆಗೆ ಮಾಡುವ ದ್ರೋಹ.

ಶಾಸಕರ ಮಾತು ಹಾಗಿರಲಿ. ಗೃಹಸ್ಥರು ತಾವೇ ಮತ ಕೊಡುವ ಚುನಾವಣೆಗಳಲ್ಲಿ ಈ ಪ್ರಶ್ನೆಯು ಮನೆಯ ಹೊಸ್ತಿಲಿಗೇ ಬರುತ್ತದೆ. ಸವಣೂರು ಸಂಸ್ಥಾನವು ಭಾರತದಲ್ಲಿ ವಿಲೀನವಾದುದು 1948ರಲ್ಲಿ. ಅಲ್ಲಿಯವರೆಗೆ ನವಾಬರ ಪ್ರಜೆಗಳಾಗಿದ್ದ ಆ ಊರಿನವರು ಕೆಲವೇ ವರ್ಷಗಳಲ್ಲಿ, 1952ರ ಮೊದಲ ಮಹಾಚುನಾವಣೆಯ ಹೊತ್ತಿಗೆ, ದೇಶದ ಉಳಿದವರಂತೆ ಒಡೆಯರನ್ನು ತಾವೇ ಆರಿಸುವವರಾದರು. ಆ ಊರಿನ ವೀಳ್ಯದೆಲೆ ಹೆಸರಾದುದು. ವೀಳ್ಯ ಕೊಟ್ಟು ಮಾತು ಹಿಡಿಯುವುದು ಮದುವೆಯ ಮಾತುಕತೆಯಲ್ಲಿ ಮಂಗಳಕರವಾದ ಆಚಾರ. ಅದೇ ಎಲೆಯನ್ನು, ವಿಭೂತಿಯನ್ನು, ಕೊನೆಗೆ ಕೊರಳಿನ ಇಷ್ಟಲಿಂಗವನ್ನೇ ಮುಟ್ಟಿಸಿ ‘ಇಂಥವರಿಗೇ ಹಾಕುತ್ತೇನೆ’ ಎಂದು ಆಣೆಯಿಡಿಸಿದರೆ? ಆಣೆಯಿಟ್ಟವನು ಆಮೇಲೆ ಬೇರೊಬ್ಬನು ಯೋಗ್ಯನೆಂದು ಕಂಡಾಗ ಎರಡು ಅಧರ್ಮಗಳ ನಡುವೆ ಸಿಕ್ಕಿಬೀಳುತ್ತಾನೆ. ಆಣೆಯನ್ನು ಮುರಿದರೆ ಲಿಂಗದ್ರೋಹವೆಂಬ ಭಯ, ಮುರಿಯದಿದ್ದರೆ ಅರಿವಿಗೆ ದ್ರೋಹ. ಆ ಇಕ್ಕಟ್ಟಿಗೆ ನೂಕಿದವನ ಪಾಪವು ದೊಡ್ಡದು. ಬಲಾತ್ಕಾರದಿಂದಲೋ ವಂಚನೆಯಿಂದಲೋ ಇಡಿಸಿದ ಆಣೆಯು ಇಷ್ಟಲಿಂಗವನ್ನು ಸಾಕ್ಷಿಯಾಗಿ ಕರೆದುದಲ್ಲ, ಕೂಲಿಗೆ ಕರೆದುದು. ಅಂಥ ಆಣೆಯಿಂದ ಯಾವ ಭಕ್ತನೂ ಬಂಧಿತನಲ್ಲವೆಂದು ಧೈರ್ಯವಾಗಿ ಹೇಳಬೇಕು.

ಲೌಕಿಕ ಶಾಸನವೂ ಈ ಸೂಕ್ಷ್ಮವನ್ನು ಬಲ್ಲುದು. 1951ರ ಜನತಾಪ್ರಾತಿನಿಧ್ಯ ಕಾಯಿದೆಯು, ಹೀಗೆ ಮತ ಕೊಡದಿದ್ದರೆ ದೈವದ ಕೋಪಕ್ಕೆ ಗುರಿಯಾಗುವೆ ಎಂದು ನಂಬಿಸುವುದನ್ನು ಅನುಚಿತ ಪ್ರಭಾವವೆಂದೇ ಗಣಿಸಿದೆ. ಮಠಗಳ ಹೊಣೆಯು ಇಲ್ಲಿ ಇಮ್ಮಡಿಯಾಗುತ್ತದೆ. ಸಾಮಾನ್ಯನು ಬಾಯಿಬಿಟ್ಟು ಹೇಳಿದರೆ ಮಾತ್ರ ಒತ್ತಾಯವಾಗುವುದು, ಪೀಠದಲ್ಲಿರುವವರು ಬರಿದೆ ಮುಗುಳ್ನಕ್ಕರೂ ಆಗಬಲ್ಲುದು. ಪಾದಕ್ಕೆರಗಿದ ಭಕ್ತನು ‘ಬುದ್ಧೀ, ಯಾರಿಗೆ ಹಾಕಲಿ?’ ಎಂದು ಕೇಳಿದಾಗ ಗುರುವಾದವನಿಗೆ ಸುಲಭವಾದ ಉತ್ತರವೊಂದುಂಟು, ಕಠಿನವಾದುದೊಂದುಂಟು. ಹೆಸರು ಹೇಳುವುದು ಸುಲಭ. ಯಾರು ಕೊಟ್ಟ ಮಾತನ್ನು ನಡೆಸಿದ್ದಾರೆ, ಯಾರ ಗಳಿಕೆಯು ಕಾಯಕದ್ದು, ಬಡವರು ಬಾಗಿಲಿಗೆ ಹೋದಾಗ ಯಾರು ಹೇಗೆ ನಡೆದುಕೊಂಡರು ಎಂದು ಮರಳಿ ಕೇಳಿ, ಉತ್ತರವನ್ನು ಭಕ್ತನಿಗೇ ಬಿಡುವುದು ಕಠಿನ. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದಾಗ ಸಮಾಜದಲ್ಲಿ ಅವರ ಮಾತಿಗಿದ್ದ ಬೆಲೆಯು ಅಪಾರ. ಆ ಬೆಲೆಯನ್ನು ಅವರು ವಿದ್ಯೆಗೂ ಸಂಘಟನೆಗೂ ವೆಚ್ಚಮಾಡಿದರು. ಅಂಥ ಪುಣ್ಯದ ಗಂಟನ್ನು ಒಂದು ಚುನಾವಣೆಯ ಸಂತೆಯಲ್ಲಿ ಬಿಚ್ಚುವುದು ಯಾವ ಪೀಠಕ್ಕೂ ಶೋಭಿಸದು.

ಇನ್ನು 1969ರ ಪ್ರಸಂಗದ ಶೇಷ. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಗೆಲುವಿಗೆ ಬೇಕಾದುದು 4,18,169. ಮೊದಲ ಒಲವಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರಿಗೂ ಸಾಲಲಿಲ್ಲ. ಸೋತವರ ಚೀಟಿಗಳಲ್ಲಿದ್ದ ಎರಡನೆಯ ಒಲವನ್ನು ಕೂಡಿಸಿದಾಗ ಗಿರಿಯವರು 4,20,077ಕ್ಕೂ ರೆಡ್ಡಿಯವರು 4,05,427ಕ್ಕೂ ಬಂದು ನಿಂತರು. ದೇಶಮುಖರ ಕಡೆಯವರ ಬಹುಪಾಲು ಎರಡನೆಯ ಮತಗಳು ರೆಡ್ಡಿಯವರಿಗೇ ಬಂದರೂ ಕೊರತೆ ತುಂಬಲಿಲ್ಲ. 14,650ರ ಅಂತರದಿಂದ ದೇಶದ ಪ್ರಥಮ ಪ್ರಜೆಯ ನಿರ್ಣಯವಾಯಿತು. ಚುನಾವಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆಯಲ್ಲಿ ಆ ಅನಾಮಧೇಯ ಕರಪತ್ರವೂ ವಿಚಾರಣೆಗೆ ಬಂದಿತು. ರಾಷ್ಟ್ರಪತಿಗಳಾಗಿದ್ದ ಗಿರಿಯವರು ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿಯು ವಜಾ ಆಯಿತು. ಅಷ್ಟರಲ್ಲಿ, 1969ರ ನವೆಂಬರಿನಲ್ಲಿಯೇ, ಕಾಂಗ್ರೆಸ್ಸು ಎರಡಾಗಿ ಒಡೆದಿತ್ತು.

ಎಂಟು ವರ್ಷಗಳ ಅನಂತರ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು; ಬೆಂಗಳೂರಿನ ಮಂಡಲಿಯಲ್ಲಿ ರೆಡ್ಡಿಯವರ ಹೆಸರನ್ನು ಒಪ್ಪದಿದ್ದವರಲ್ಲಿ ಇವರೊಬ್ಬರು. ಸಾವಳಗಿಯಲ್ಲಿ ಹುಟ್ಟಿ, 1964ರಲ್ಲಿ ಬಸವ ಸಮಿತಿಯನ್ನು ಕಟ್ಟಿದ ಉಪರಾಷ್ಟ್ರಪತಿ ಬಿ. ಡಿ. ಜತ್ತಿಯವರು 1977ರ ಫೆಬ್ರವರಿಯಿಂದ ಆ ಸ್ಥಾನವನ್ನು ಕಾಯ್ದುಕೊಂಡಿದ್ದು, ಜುಲೈ 25ರಂದು ಹೊಸಬರಿಗೆ ಒಪ್ಪಿಸಿದರು. ಹೊಸಬರು ಬೇರಾರೂ ಅಲ್ಲ, ನೀಲಂ ಸಂಜೀವ ರೆಡ್ಡಿಯವರೇ. ಆ ಸಲ ಉಳಿದವರ ನಾಮಪತ್ರಗಳೆಲ್ಲ ತಿರಸ್ಕೃತವಾಗಿ ಅವರು ಅವಿರೋಧವಾಗಿ ಆರಿಸಿಬಂದಿದ್ದರು. ಒಲಿಸಬೇಕಾದ ಮತದಾರನೊಬ್ಬನೂ ಇರಲಿಲ್ಲ.