ಸೈನ್ಯದ ಓಟಕ್ಕೆ ಸಿದ್ಧರಾಗುವ ಯೌವನಸ್ಥರ ವಿಷಯವಾಗಿ

(ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 9ನೆಯ ಅಧ್ಯಾಯ, 24ರಿಂದ 27ರ ವರೆಗಿನ ವಚನಗಳನ್ನು ಓದಿಕೊಳ್ಳಿರಿ.)



ಯಲಬುರ್ಗಿಯ ಕಡೆಯಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಮುಂಜಾನೆ ನಾಲ್ಕೂವರೆ ಗಂಟೆಗೆ ನಡೆದವರು ಒಂದು ಸಂಗತಿಯನ್ನು ಕಂಡೇ ಇರುವರು. ಕೋಳಿ ಕೂಗಿ ಇನ್ನೂ ಮುಗಿದಿರುವದಿಲ್ಲ. ಅಷ್ಟರಲ್ಲಿ ಇಬ್ಬರು ಮೂವರು ಹುಡುಗರು ರಸ್ತೆಯ ಅಂಚನ್ನು ಹಿಡಿದು, ಒಬ್ಬರ ಹಿಂದೆ ಒಬ್ಬರಾಗಿ ಓಡುತ್ತಾ ಬರುವರು. ಗಂಗಾವತಿಯ ಸೀಮೆಯಲ್ಲಿ ಇಂಥವರು ಎಡದಂಡೆಯ ಕಾಲುವೆಯ ಏರಿಯ ಮೇಲೆ ಓಡುವರು. ಆನೆಗೊಂದಿಯ ಸಮೀಪದವರಿಗೆ ಅಂಜನಾದ್ರಿಯ 575 ಮೆಟ್ಟಲುಗಳುಂಟು. ಕೊಪ್ಪಳದವರಿಗೆ ಕ್ರೀಡಾಂಗಣವುಂಟು. ನಮ್ಮ ಬೆದ್ದಲ ಸೀಮೆಯ ಹಳ್ಳಿಗಳವರಿಗೋ ಶಾಲೆಯ ಬೈಲು, ಇಲ್ಲವಾದರೆ ಲಾರಿಗಳು ಹಾಯುವ ಡಾಂಬರು ರಸ್ತೆಯೇ ಗತಿ. ಇವರಲ್ಲಿ ನಮ್ಮ ಸಭೆಯ ಮಕ್ಕಳೂ ಇದ್ದಾರೆ. ಆದದರಿಂದ ಈ ತಿಂಗಳು ಇವರ ವಿಷಯವಾಗಿಯೇ ಮಾತಾಡುವದು ಯುಕ್ತವೆಂದು ನಮಗೆ ತೋಚಿತು.

ಇವರು ಯಾವದಕ್ಕೋಸ್ಕರ ಓಡುತ್ತಾರೆಂಬದನ್ನು ಅರಿಯದ ಹಿರಿಯರಿಗೆ ಮೊದಲು ತುಸು ತಿಳಿಸುವೆವು. 2022ನೆಯ ಇಸವಿಯ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರದವರು ಅಗ್ನಿಪಥವೆಂಬ ಯೋಜನೆಯನ್ನು ಪ್ರಕಟಿಸಿದರು. ಅದರ ಮೇರೆಗೆ ಸೈನ್ಯಕ್ಕೆ ಸೇರುವವನಿಗೆ ಅಗ್ನಿವೀರನೆಂದು ಹೆಸರು. ಸೇವೆಯು ನಾಲ್ಕು ವರ್ಷ. ಅದು ತೀರಿದ ಮೇಲೆ ನೂರರಲ್ಲಿ ಇಪ್ಪತ್ತೈದು ಮಂದಿಯ ವರೆಗೆ ಮಾತ್ರ ಉಳಿಸಿಕೊಳ್ಳುವರೆಂದು ಆಗ ಗೊತ್ತುಮಾಡಿದರು. ನಮ್ಮ ಕೊಪ್ಪಳ ಜಿಲ್ಲೆಯು ಬೆಳಗಾವಿಯ ನೇಮಕಾತಿ ಕಚೇರಿಗೆ ಒಳಪಟ್ಟದ್ದು. 2023ರಿಂದ ಮೊದಲು ಕಂಪ್ಯೂಟರಿನ ಮುಂದೆ ಪರೀಕ್ಷೆಯಾಗಿ, ಅದರಲ್ಲಿ ತೇರ್ಗಡೆಯಾದವರನ್ನು ಮಾತ್ರ ಮೈದಾನಕ್ಕೆ ಕರೆಯುತ್ತಾರೆ. ಮೈದಾನದಲ್ಲಿ 1.6 ಕಿಲೋಮೀಟರ್ ಓಟ. ಅದನ್ನು 5 ನಿಮಿಷ 30 ಸೆಕೆಂದಿನೊಳಗೆ ಮುಗಿಸಿದವನಿಗೆ 60 ಅಂಕ. ಕಂಬಿಗೆ ಜೋತುಬಿದ್ದು ಗದ್ದವು ಕಂಬಿಯ ಮೇಲಕ್ಕೆ ಬರುವಂತೆ ಹತ್ತು ಸಾರಿ ಮೈಯನ್ನೆತ್ತಿದವನಿಗೆ 40 ಅಂಕ. 9 ಅಡಿಯ ಕಂದಕವನ್ನು ಹಾರುವದಕ್ಕೂ, ಸೊಟ್ಟಸೊಟ್ಟಾಗಿ ಹಾಕಿದ ಇಕ್ಕಟ್ಟಾದ ತೊಲೆಯ ಮೇಲೆ ಬೀಳದೆ ನಡೆಯುವದಕ್ಕೂ ಅಂಕವಿಲ್ಲ. ಆದರೆ ಅವೆರಡನ್ನೂ ಮಾಡಿ ತೋರಿಸಲೇ ಬೇಕು. ಆ ಮೇಲೆ ಎತ್ತರವನ್ನೂ ಎದೆಯನ್ನೂ ಅಳೆದು, ವೈದ್ಯರ ಮುಂದೆ ನಿಲ್ಲಿಸುತ್ತಾರೆ.

ಅಪೊಸ್ತಲನಾದ ಪೌಲನಿಗೆ ಇಂಥ ಮೈದಾನವು ಹೊಸದಲ್ಲ. ಕೊರಿಂಥ ಪಟ್ಟಣದ ಸಮೀಪದಲ್ಲಿ ಎರಡು ವರ್ಷಗಳಿಗೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನಿಗೆ ದೊರೆಯುವ ಕಿರೀಟವು ಎಲೆಗಳಿಂದ ಮಾಡಿದ್ದು, ಅದು ಬಾಡಿಹೋಗುವಂಥಾದ್ದು. ಒಲಿಂಪಿಯದಲ್ಲಿ ನಡೆಯುವ ಪಂದ್ಯಕ್ಕೆ ಬಂದವರಾದರೋ, ಹತ್ತು ತಿಂಗಳು ತಪ್ಪದೆ ಸಾಧನೆ ಮಾಡಿದ್ದೇವೆಂದು ಪ್ರಮಾಣ ಮಾಡಬೇಕಾಗಿತ್ತು. ಇದನ್ನು ಬಲ್ಲವರಿಗೆ ಪೌಲನು ಬರೆದನು. ಓಡುವವರು ಅನೇಕರಾದರೂ ಬಿರುದನ್ನು ಹೊಂದುವವನು ಒಬ್ಬನೇ; ಪಂದ್ಯದವನು ಎಲ್ಲಾದರಲ್ಲಿಯೂ ಮಿತವಾಗಿರುತ್ತಾನೆ; ಗುರಿಯಿಲ್ಲದೆ ಓಡುವದು, ಗಾಳಿಯನ್ನು ಗುದ್ದುವದು, ಇವು ವ್ಯರ್ಥವೆಂಬದೇ ಅವನ ಅಭಿಪ್ರಾಯ. ತಿಮೊಥೆಯನಿಗೆ ಬರೆಯುವಾಗ ಶರೀರದ ಸಾಧನೆಯಿಂದ ಸ್ವಲ್ಪ ಪ್ರಯೋಜನವೆಂದು ಹೇಳಿದ್ದುಂಟು. ಸಭೆಯ ಹಿರಿಯರೊಬ್ಬರು ಈ ಮಾತನ್ನೇ ಹಿಡಿದುಕೊಂಡು, ಹುಡುಗರು ಓಡುವದೇ ಬೇಡವೆಂದು ವಾದಿಸಿದರು. ಸ್ವಲ್ಪವೆಂದರೆ ಏನೂ ಇಲ್ಲವೆಂದಲ್ಲ, ಎಂದು ನಾವು ಅವರಿಗೆ ಉತ್ತರ ಕೊಟ್ಟೆವು. ವಿಶ್ವಾಸಿಯು ಆಯುಧವನ್ನು ಹಿಡಿಯಬಹುದೋ ಎಂಬ ಬೇರೆ ಪ್ರಶ್ನೆಯನ್ನೂ ಅವರು ಎತ್ತಿದರು. ಅದು ದೊಡ್ಡ ಪ್ರಶ್ನೆ; ಒಂದು ಪುಟದಲ್ಲಿ ತೀರುವಂಥಾದ್ದಲ್ಲ. ಯೋಹಾನನ ಬಳಿಗೆ ಸಿಪಾಯಿಗಳು ಬಂದು ತಾವೇನು ಮಾಡಬೇಕೆಂದು ಕೇಳಿದಾಗ, ಅವನು ಅವರನ್ನು ಸೈನ್ಯ ಬಿಡಿರೆಂದು ಹೇಳಲಿಲ್ಲ, ಯಾರನ್ನೂ ಹೆದರಿಸಿ ಸುಲುಕೊಳ್ಳಬೇಡಿರೆಂದನು ಎಂಬಷ್ಟನ್ನು ಮಾತ್ರ ಇಲ್ಲಿ ನೆನಪಿಗೆ ತರುವೆವು.

ಈಗ ನಮ್ಮಿಂದಾದ ಒಂದು ತಪ್ಪನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಬೇಕಾಗಿದೆ.

ನಮ್ಮ ಸಭೆಯಲ್ಲಿ ಒಬ್ಬ ವಿಧವೆಯ ಮಗನಿದ್ದಾನೆ. ಆಕೆಯು ವರುಷದಲ್ಲಿ ಆರು ತಿಂಗಳು ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವಳು. ಮಗನು ಕಂಪ್ಯೂಟರಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 2024ರಲ್ಲಿ ಮೈದಾನಕ್ಕೆ ಕರೆಯಲ್ಪಟ್ಟನು. ಹೋಗುವದಕ್ಕೆ ಮುಂಚಿನ ಆದಿತ್ಯವಾರ ನಾವು ಅವನನ್ನು ಸಭೆಯ ಮುಂದೆ ಕರೆದು ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು. ಅದು ಒಳ್ಳೇದೇ. ಆದರೆ ಅಷ್ಟಕ್ಕೆ ನಿಲ್ಲದೆ, ಕರ್ತನನ್ನು ಕಾದುಕೊಂಡವರು ಓಡಿ ದಣಿಯರೆಂಬ ಅರ್ಥದ ಯೆಶಾಯನ ಮಾತನ್ನು ತೆಗೆದುಕೊಂಡು, ಈ ಹುಡುಗನು ಮೊದಲಿಗನಾಗಿ ಬರುವನು, ಸಿಪಾಯಿಯಾಗಿಯೇ ತಿರುಗಿ ಬರುವನು ಎಂದು ಸಾರಿಬಿಟ್ಟೆವು. ಜನರು ಆಮೆನ್ ಅಂದರು. ಹೆಂಗಸರು ಹೂವಿನ ಹಾರ ಹಾಕಿದರು. ಪ್ರವಾದಿಯು ಆ ಮಾತನ್ನು ಸೆರೆಯಲ್ಲಿ ನೊಂದು ಕುಂದಿದ ಜನಕ್ಕೆ ಹೇಳಿದನಲ್ಲದೆ 1.6 ಕಿಲೋಮೀಟರಿನ ವಿಷಯವಾಗಿ ಹೇಳಲಿಲ್ಲವೆಂಬದು ನಮಗೆ ಗೊತ್ತಿತ್ತು. ಗೊತ್ತಿದ್ದರೂ ಹೇಳಿದೆವು. ಯಾಕಂದರೆ ಜನರ ಮುಖಗಳು ಸಂತೋಷದಿಂದಿದ್ದವು.

ಅವನು ಮೊದಲನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದನಂತೆ. ಮೂರನೆಯದರಲ್ಲಿ ಕಾಲುಗಳು ಕಲ್ಲಾದವು. ಆಗ ಕಡೆಯ ಮಿತಿಯು 5 ನಿಮಿಷ 45 ಸೆಕೆಂದು. ಅದು ತೀರಿದ ಕ್ಷಣವೇ ಅಡ್ಡಲಾಗಿ ಹಗ್ಗವನ್ನು ಎಳೆದರು. ಅವನು ಮನೆಗೆ ಬರಲಿಲ್ಲ. ಒಂದು ದಿನವಾಯಿತು, ಎರಡು ದಿನವಾಯಿತು; ತಾಯಿಯು ನಮ್ಮ ಬಾಗಿಲಿಗೆ ಬಂದು ಕೂತಳು, ಅಳಲಿಲ್ಲ, ಸುಮ್ಮನೆ ಕೂತಳು. ಆರನೆಯ ದಿನ ಗಂಗಾವತಿಯ ಒಂದು ಅಕ್ಕಿಯ ಗಿರಣಿಯಲ್ಲಿ ಅವನು ಚೀಲ ಹೊರುತ್ತಿರುವನೆಂದು ತಿಳಿದು ನಾವು ಹೋದೆವು. ನಮ್ಮನ್ನು ಕಂಡು ಮುಖ ತಿರುಗಿಸಿಕೊಂಡನು. ಆ ಮೇಲೆ, “ಅಯ್ಯನವರ, ನನ್ನ ಮುಂದನ ಹಗ್ಗಾ ಎಳದ್ರರಿ” ಅಂದನು. ಸ್ವಲ್ಪ ಹೊತ್ತು ಬಿಟ್ಟು, “ನನಗ ವಿಶ್ವಾಸ ಕಡಿಮಿ ಇತ್ತೇನ್ರಿ?” ಎಂದು ಕೇಳಿದನು.

ಸಹೋದರರೇ, ಆ ಪ್ರಶ್ನೆಯನ್ನು ಅವನ ಬಾಯಿಗೆ ಇಟ್ಟವರು ನಾವು. ಅವನಿಗೆ ಕಡಿಮೆಯಾಗಿದ್ದದ್ದು ವಿಶ್ವಾಸವಲ್ಲ. ಓಟವನ್ನು ಹಂಚಿಕೊಂಡು ಓಡುವ ರೀತಿಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಇದನ್ನು ಚೀಲಗಳ ನಡುವೆ ನಿಂತು ಅವನಿಗೆ ಹೇಳಿದೆವು; ನಮ್ಮ ತಪ್ಪನ್ನೂ ಹೇಳಿ ಕ್ಷಮೆ ಕೇಳಿದೆವು. ಬರುವ ಆದಿತ್ಯವಾರ ಸಭೆಯ ಮುಂದೆಯೂ ಹಾಗೆಯೇ ಹೇಳಿದೆವು.

ಆ ಬಳಿಕ ನಾವು ನಿವೃತ್ತರಾದ ಒಬ್ಬ ಸೈನಿಕರ ಬಳಿಯಲ್ಲಿ ಕೂತು, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. 1.6 ಕಿಲೋಮೀಟರ್ ಎಂದರೆ 400 ಮೀಟರಿನ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂದಿಗೆ ಮುಗಿಸಬೇಕಾದರೆ ಒಂದೊಂದು ಸುತ್ತಿಗೆ ಎಂಭತ್ತೆರಡೂವರೆ ಸೆಕೆಂದು. ಮೊದಲನೆಯ ಸುತ್ತನ್ನು ಎಪ್ಪತ್ತರಲ್ಲಿ ಓಡಿದವನು ಉಳಿಸಿದ ಹನ್ನೆರಡು ಸೆಕೆಂದುಗಳಿಗೆ ಕಡೆಯ ಎರಡು ಸುತ್ತುಗಳಲ್ಲಿ ಬಡ್ಡಿಸಹಿತವಾಗಿ ತೆರಬೇಕಾಗುವದು. ದಿನಾಲೂ ಪೂರ್ಣ ವೇಗದಿಂದ ಅದೇ ದೂರವನ್ನು ಓಡುವದು ನಮ್ಮ ಹುಡುಗರ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಮೊಣಕಾಲಿನ ಕೆಳಗಿನ ಎಲುಬು ನೋಯಲಾರಂಭಿಸಿ, ಎರಡು ತಿಂಗಳಿನಲ್ಲಿ ಓಟವೇ ನಿಲ್ಲುವದು. ಮೊದಲ ಆರೆಂಟು ವಾರಗಳು ಮಾತಾಡುತ್ತಾ ಓಡಬಹುದಾದಷ್ಟು ನಿಧಾನವಾಗಿ ಮೂರು ನಾಲ್ಕು ಕಿಲೋಮೀಟರ್ ಓಡಿ, ಉಸಿರನ್ನೂ ಕಾಲನ್ನೂ ಗಟ್ಟಿಮಾಡಿಕೊಳ್ಳಬೇಕು. ಆ ಮೇಲೆ ವಾರದಲ್ಲಿ ಎರಡು ದಿನ ಮಾತ್ರ ಒಂದೊಂದು ಸುತ್ತನ್ನು ಗೊತ್ತಾದ ವೇಗದಲ್ಲಿ ಓಡಿ, ನಡುವೆ ದಣಿವಾರಿಸಿಕೊಂಡು, ತಿರುಗಿ ಓಡಬೇಕು. ಡಾಂಬರಿಗಿಂತ ಮಣ್ಣಿನ ನೆಲ ಮೇಲು. ಕಂಬಿಯ ಸಾಧನೆಯಲ್ಲಿ ಒಂದು ಸಾರಿಯೂ ಮೇಲೇಳಲಾರದವನು ಕಲ್ಲಿನ ಮೇಲೆ ನಿಂತು ಮೇಲಕ್ಕೆ ಹೋಗಿ, ಮೆಲ್ಲಮೆಲ್ಲನೆ ಕೆಳಕ್ಕೆ ಇಳಿಯುವದನ್ನು ರೂಢಿಮಾಡಲಿ. ಬಲವು ಇಳಿಯುವದರಲ್ಲಿಯೂ ಬರುವದು. ಬೇವಿನ ಕೊಂಬೆಯಾದರೂ ಆಗುವದು, ಆದರೆ ಕೊಂಬೆ ಗಟ್ಟಿಯಾದದ್ದೋ ಎಂದು ಮೊದಲು ನೋಡಿಕೊಳ್ಳಿರಿ. ಒಬ್ಬ ಹುಡುಗನು ಹೀಗೆ ಬಿದ್ದು ಕೈ ಮುರಿದುಕೊಂಡದ್ದುಂಟು.

ಊಟದ ವಿಷಯದಲ್ಲಿ ತಾಯಂದಿರು ಚಿಂತಿಸಬೇಕಾಗಿಲ್ಲ. ಡಬ್ಬಿಯ ಪುಡಿಗಳಿಗಾಗಿ ಸಾಲ ಮಾಡಬೇಡಿರಿ. ಜೋಳದ ರೊಟ್ಟಿ, ಮೊಳಕೆಯ ಹೆಸರು, ಶೇಂಗಾ, ದೊರೆತರೆ ತತ್ತಿ, ಹಾಲು, ಸೊಪ್ಪಿನ ಪಲ್ಯ, ಇವೇ ಸಾಕು. ಹೊಟ್ಟೆ ತುಂಬ ಇರಬೇಕಾದದ್ದು ಮುಖ್ಯ. ಬರೇ ಹೊಟ್ಟೆಯಲ್ಲಿ ಓಡಿ, ಬಂದು ಚಹಾ ಕುಡಿದು ಕೂಲಿಗೆ ಹೋಗುವ ಹುಡುಗನ ಮೈಯಲ್ಲಿ ಬಲವು ಎಲ್ಲಿಂದ ಬರಬೇಕು? ರಾತ್ರಿ ಒಂಭತ್ತಕ್ಕೆ ಮಲಗಲಿ, ಮೊಬೈಲನ್ನು ತಾಯಿಯ ಕೈಗೆ ಕೊಡಲಿ. ವಾರದಲ್ಲಿ ಒಂದು ದಿನ ಓಟವನ್ನು ಪೂರ್ಣವಾಗಿ ಬಿಡಲೇ ಬೇಕೆಂದು ಆ ಸೈನಿಕರು ಖಂಡಿತವಾಗಿ ಹೇಳಿದರು. ಆ ದಿನವು ಯಾವದಾಗಿರಬೇಕೆಂಬದನ್ನು ನಾವು ಹೇಳಬೇಕಾಗಿಲ್ಲ. ಓಟದ ನೆವ ಹೇಳಿ ಆರಾಧನೆ ತಪ್ಪಿಸುವವರು ಕೇಳಿಸಿಕೊಳ್ಳಲಿ.

ಇನ್ನು ಎರಡು ಉರುಲುಗಳು. ಓಟದ ದಿನ ದಣಿವೇ ತಿಳಿಯದಂತೆ ಮಾಡುತ್ತೇವೆಂದು ಸೂಜಿಮದ್ದನ್ನೂ ಗುಳಿಗೆಗಳನ್ನೂ ಮಾರುವವರಿದ್ದಾರೆ. ದಣಿವು ದೇಹದ ಕಾವಲುಗಾರನು. ಕಾವಲುಗಾರನ ಬಾಯಿ ಕಟ್ಟಿದ ಮನೆಗೆ ಏನಾಗುವದೆಂದು ನಿಮಗೆ ಗೊತ್ತು. ಎರಡನೆಯದು, ಒಳಗಿನವರು ನಮಗೆ ಗೊತ್ತೆಂದು ಹೇಳಿ ಹಣ ಕೇಳುವ ದಲ್ಲಾಳಿಗಳು. ಹೊಲ ಒತ್ತೆಯಿಟ್ಟು ಇಂಥವನ ಕೈಗೆ ಕೊಟ್ಟ ಒಬ್ಬ ತಂದೆಯನ್ನು ನಾವು ಬಲ್ಲೆವು. ಹೊಲವೂ ಹೋಯಿತು, ದಲ್ಲಾಳಿಯೂ ಹೋದನು. ಕಾಲ ಅಳೆಯುವ ಗಡಿಯಾರಕ್ಕೆ ದಲ್ಲಾಳಿಯ ಪರಿಚಯವಿಲ್ಲ. ನಿಯಮದ ಪ್ರಕಾರ ಹೋರಾಡದವನಿಗೆ ಕಿರೀಟವಿಲ್ಲವೆಂಬದು ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿಯೂ ಉಂಟು.

ಹೆಣ್ಣುಮಕ್ಕಳ ಮಾತನ್ನೂ ಇಲ್ಲಿ ಹೇಳಬೇಕು. ಸೈನ್ಯದ ಪೊಲೀಸ್ ದಳದಲ್ಲಿ ಹೆಂಗಸರನ್ನು ಸೇರಿಸಿಕೊಳ್ಳಲಾರಂಭಿಸಿ, ಮೊದಲನೆಯ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತರಬೇತು ಮುಗಿಸಿ ಪ್ರಮಾಣ ಮಾಡಿದರು. ಹುಡುಗಿಯು ಮುಂಜಾನೆ ಓಡಿದರೆ ನಗುವ ಬಾಯಿಗಳು ನಮ್ಮ ಕೇರಿಯಲ್ಲಿಯೂ ಇವೆ. ಅವು ಮುಚ್ಚಲಿ, ಅಣ್ಣನಾಗಲಿ ತಂದೆಯಾಗಲಿ ಜೊತೆಗೆ ಹೋಗಿ ಬೈಲಿನ ಅಂಚಿನಲ್ಲಿ ನಿಂತುಕೊಳ್ಳಲಿ.

ಎಷ್ಟು ಸಾಧಿಸಿದರೂ ಬದಲಾಗದ ಸಂಗತಿಗಳುಂಟು. ಸಾಮಾನ್ಯ ಸಿಪಾಯಿಯ ಹುದ್ದೆಗೆ ನಮ್ಮ ಸೀಮೆಯವರಿಗೆ 166 ಸೆಂಟಿಮೀಟರ್ ಎತ್ತರ ಬೇಕು. ಕುಷ್ಟಗಿ ಯಲಬುರ್ಗಿಗಳ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಚಿಕ್ಕಂದಿನಿಂದ ಕುಡಿದವರ ಹಲ್ಲು ಕಲೆಗಟ್ಟುವದನ್ನೂ ಕೀಲುಗಳು ಬಿಗಿಯುವದನ್ನೂ ನೀವು ಕಂಡಿದ್ದೀರಿ. ಓಟದಲ್ಲಿ ಗೆದ್ದ ಹುಡುಗನು ವೈದ್ಯರ ಮುಂದೆ ಹಲ್ಲಿನಿಂದಲೋ, ಒಂದಕ್ಕೊಂದು ತಗಲುವ ಮೊಣಕಾಲುಗಳಿಂದಲೋ, ಚಪ್ಪಟೆಯಾದ ಅಂಗಾಲಿನಿಂದಲೋ ತಿರಸ್ಕರಿಸಲ್ಪಟ್ಟರೆ ಅದು ಯಾರ ಪಾಪ? ಆದದರಿಂದ ಆರು ತಿಂಗಳು ಓಡುವದಕ್ಕೆ ಮುಂಚೆಯೇ ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಹಲ್ಲು, ಮೊಣಕಾಲುಗಳನ್ನು ತೋರಿಸಿಕೊಳ್ಳಿರಿ. ಸಮುವೇಲನು ಇಷಯನ ಮನೆಗೆ ಹೋದಾಗ ಎಲೀಯಾಬನ ಎತ್ತರವನ್ನು ಕಂಡು ಇವನೇ ಎಂದುಕೊಂಡನಲ್ಲವೇ? ಸೈನ್ಯದವರು ಎತ್ತರ ನೋಡಲೇ ಬೇಕು, ಅದು ಅವರ ಕೆಲಸ. ಕರ್ತನ ಅಳತೆಯು ಬೇರೆ. ಗಿದ್ಯೋನನ ದಂಡಿನಿಂದ ಮೊದಲು 22,000 ಮಂದಿ ಮನೆಗೆ ಹೋದರು. ನೀರಿನ ಬಳಿಯಲ್ಲಿ ಪರೀಕ್ಷೆಯಾಗಿ ಉಳಿದ 10,000 ಮಂದಿಯಲ್ಲಿ 300 ಮಂದಿ ಮಾತ್ರ ನಿಂತರು. ಮನೆಗೆ ಹೋದವರು ಇಸ್ರಾಯೇಲ್ಯರಲ್ಲವೆಂದು ಯಾರೂ ಹೇಳಲಿಲ್ಲ. ಅವರು ಹೊಲ ಉತ್ತರು, ಮಕ್ಕಳನ್ನು ಸಾಕಿದರು. ಮಿದ್ಯಾನ್ಯರು ಓಡಿದಾಗ ಬೆನ್ನಟ್ಟುವದಕ್ಕೆ ಅವರ ಕುಲದವರನ್ನೇ ತಿರುಗಿ ಕೂಡಿಸಿದರು.

ಕೊಪ್ಪಳಕ್ಕೆ ಹೋದಾಗ ಗವಿಮಠದ ಗುಡ್ಡದ ಬಂಡೆಯನ್ನೂ ಪಾಲ್ಕಿಗುಂಡನ್ನೂ ನೋಡಿರಿ. ಅಲ್ಲಿ ಅಶೋಕ ಚಕ್ರವರ್ತಿಯ ಶಾಸನವುಂಟು. ಕಳಿಂಗದ ಯುದ್ಧದಲ್ಲಿ ಬಿದ್ದ ಹೆಣಗಳನ್ನು ನೆನಸಿ ಪಶ್ಚಾತ್ತಾಪಪಟ್ಟ ಅರಸನು ಅವನು, ನಮ್ಮ ಮತದವನಲ್ಲ. ತಾನು ಮೊದಲನೆಯ ವರ್ಷ ಹೆಚ್ಚಾಗಿ ಪ್ರಯಾಸಪಡಲಿಲ್ಲ, ಆ ಮೇಲೆ ಪ್ರಯಾಸಪಟ್ಟೆನೆಂದು ಅವನು ಅದರಲ್ಲಿ ಒಪ್ಪಿಕೊಂಡಿದ್ದಾನೆ. ಪ್ರಯಾಸದ ಫಲವು ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದೊರೆಯುವದೆಂದು ಕೆತ್ತಿಸಿದ್ದಾನೆ. ನಾವು ಆ ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅದರ ಅರ್ಥವನ್ನು ಹೇಳಿದೆವು. ಅವನು ಬಹಳ ಹೊತ್ತು ಬಂಡೆಯನ್ನು ನೋಡಿ, ಅರಸನಾದವನು ತಾನು ಮೊದಲು ಸರಿಯಾಗಿ ಮಾಡಲಿಲ್ಲವೆಂದು ಕಲ್ಲಿನ ಮೇಲೆ ಬರೆಸಿದ್ದೇ ಸೋಜಿಗವೆಂದನು.

2025ರ ಪ್ರಕಟನೆಯಲ್ಲಿ ಓಟದ ಕಡೆಯ ಮಿತಿಯನ್ನು 6 ನಿಮಿಷ 15 ಸೆಕೆಂದಿನ ವರೆಗೆ ಸಡಿಲಿಸಿದರು. ತಡವಾದಷ್ಟೂ ಅಂಕ ಕಡಿಮೆ. ಅವನಿಗೆ ಇನ್ನೂ ವಯಸ್ಸಿದೆ. ಸೋಮವಾರದಿಂದ ಶನಿವಾರದ ವರೆಗೆ ಮುಂಜಾನೆ ಅವನು ಬೈಲಿಗೆ ಬರುತ್ತಾನೆ, ಬೇರೆ ನಾಲ್ವರೂ ಬರುತ್ತಾರೆ. ಅವರಲ್ಲಿ ಇಬ್ಬರು ನಮ್ಮ ಸಭೆಯವರಲ್ಲ. ಪ್ರಾರ್ಥನೆಯಲ್ಲಿ ಈಗ ನಾವು ಅವರ ಕಾಲುಗಳ ಕ್ಷೇಮವನ್ನೂ, ಬಂದ ಫಲವನ್ನು ತಾಳುವ ಮನಸ್ಸನ್ನೂ ಬೇಡುತ್ತೇವೆ, ಅಂಕಗಳನ್ನು ಬೇಡುವದಿಲ್ಲ. ಸುತ್ತುಗಳ ಲೆಕ್ಕ ಹಿಡಿಯುವ ಕೆಲಸವು ನಮ್ಮ ಪಾಲಿಗೆ ಬಂದಿದೆ. ನಮ್ಮ ಗಡಿಯಾರದ ಗಾಜು ಒಡೆದಿದೆ, ಆದರೆ ಸೆಕೆಂದಿನ ಮುಳ್ಳು ಸರಿಯಾಗಿ ನಡೆಯುತ್ತದೆ. ಹತ್ತಿರದ ಹಳ್ಳಿಗಳವರು ಯಾರಾದರೂ ತಮ್ಮ ಮಕ್ಕಳನ್ನು ಕಳುಹಿಸುವದಾದರೆ, ನಾಲ್ಕೂವರೆಗೆ ಶಾಲೆಯ ಬೈಲಿಗೆ ಕಳುಹಿಸಿರಿ. ಒಂದು ತಂಬಿಗೆ ನೀರನ್ನು ಅವರ ಕೈಯಲ್ಲಿ ಕೊಡಿರಿ, ಯಾಕಂದರೆ ಅಲ್ಲಿಯ ನಲ್ಲಿಗೆ ಆ ಹೊತ್ತಿನಲ್ಲಿ ನೀರು ಬರುವದಿಲ್ಲ.