ದುರಸ್ತಿಗೊಂದು ಬಾಬ್ತು

ಭಾನುವಾರ ಬೆಳಗಿನ ಹೊತ್ತು ಮುಂಬಯಿಯ ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಿಂತು ನೋಡಬೇಕು. ವಾರವಿಡೀ ಚರ್ಚ್‌ಗೇಟ್ ಲೋಕಲ್ ಹಿಡಿಯಲು ಓಡುವ ಜನವೇ ಅಂದು ಸ್ಟೇಷನ್ನಿಗೆ ಬೆನ್ನು ಹಾಕಿ ಹೆದ್ದಾರಿಯತ್ತ ನಡೆಯುತ್ತಿರುತ್ತದೆ. ಸೀರೆಗೆ ಸ್ಪೋರ್ಟ್ಸ್ ಶೂ ತೊಟ್ಟ ಅಜ್ಜಿಯರು, ಕೊಡೆಯನ್ನೇ ಊರುಗೋಲು ಮಾಡಿಕೊಂಡ ನಿವೃತ್ತರು, ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು ಬರುವ ಅಪ್ಪಂದಿರು. ಹೆದ್ದಾರಿ ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಮುಂಬಯಿ ಮತ್ತು ಠಾಣೆಗಳ ನಡುವೆ ಸುಮಾರು ನೂರು ಚದರ ಕಿಲೋಮೀಟರಿನಷ್ಟು ಹರಡಿದ ಕಾಡು ಅದು. ಒಳಗೆ ಹೊಕ್ಕವರಲ್ಲಿ ಹೆಚ್ಚಿನವರು ಹಿಡಿಯುವುದು ಕಾನ್ಹೇರಿ ಗುಹೆಗಳಿಗೆ ಹೋಗುವ ಆರೇಳು ಕಿಲೋಮೀಟರಿನ ನೆರಳಿನ ರಸ್ತೆಯನ್ನು. ಇನ್ನಷ್ಟು ಕಾಡು ಬೇಕೆನ್ನುವವರು ಮೊದಲೇ ಅನುಮತಿ ಪಡೆದು, ಮಾರ್ಗದರ್ಶಕರ ಜೊತೆ ಶಿಲೋಂಡಾದಂಥ ಕಾಲುದಾರಿಗೆ ಇಳಿಯುತ್ತಾರೆ. ಎರಡಕ್ಕೂ ಹಗ್ಗ ಬೇಡ, ಗಟ್ಟಿ ಎದೆಯೂ ಬೇಡ. ಮೊಣಕಾಲು ಒಪ್ಪಿದರೆ ಸಾಕು.

ಇಂಥ ದಾರಿಗಳನ್ನು ಕಂಡರೆ ನಮ್ಮ ಹುಡುಗರಿಗೆ ಸ್ವಲ್ಪ ಅಸಡ್ಡೆ. ಕಳಸೂಬಾಯಿ ಹತ್ತಿದವರು, ಹರಿಶ್ಚಂದ್ರಗಡದಲ್ಲಿ ರಾತ್ರಿ ಕಳೆದವರು, ‘ಅದೂ ಒಂದು ಟ್ರೆಕ್ಕೇ?’ ಎಂದು ನಗುತ್ತಾರೆ. ನಗಲಿ, ಆ ವಯಸ್ಸು ಅದಕ್ಕೇ ಇರುವುದು. ಆದರೆ ಕಡಿದಾದ ಬೆಟ್ಟಕ್ಕೆ ಹೋಗುವಾಗ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗಬೇಕು, ಐದು ವರ್ಷದ ಮಗುವನ್ನೂ ಬಿಡಬೇಕು. ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಉಳಿಯಲೇಬೇಕು. ಅದು ಯಾರೆಂದು ನಮ್ಮ ಮನೆಗಳಲ್ಲಿ ಕೇಳಬೇಕಾಗಿಯೇ ಇಲ್ಲ. ಸಲೀಸಾದ ದಾರಿಗೆ ಇಡೀ ಸಂಸಾರ ಒಟ್ಟಿಗೆ ಹೊರಡುತ್ತದೆ. ಅಲ್ಲಿಯೂ ಒಂದು ಸೂಕ್ಷ್ಮವಿದೆ. ಗಡಿಯಾರದಲ್ಲಿ ಹೆಜ್ಜೆ ಎಣಿಸುವ ಯಜಮಾನರು ಬಿರುಸಾಗಿ ಮುಂದೆ ನಡೆದು, ತಿರುವಿನಲ್ಲಿ ನಿಂತು ‘ಬೇಗ ಬನ್ನಿ’ ಎಂದು ಕೂಗುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಮುಟ್ಟುವಷ್ಟರಲ್ಲಿ ಇವರ ದಣಿವು ಆರಿರುತ್ತದೆ, ಮತ್ತೆ ಹೊರಡುತ್ತಾರೆ. ನಿಜಕ್ಕೂ ದಣಿದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕಾಡು ನೋಡಲಿಕ್ಕೂ ಆ ವೇಗವೇ ಸರಿ.

ನಿಧಾನವಾಗಿ ನಡೆದವರಿಗೆ ಸಿಗುವುದು ಸಾಕಷ್ಟಿದೆ. ಬೇಸಿಗೆ ಮೊದಲಾಗುವ ಹೊತ್ತಿಗೆ ಬೂರುಗ, ಮುತ್ತುಗಗಳು ಎಲೆಯುದುರಿಸಿ ಕೆಂಪಾಗಿರುತ್ತವೆ. ಮಳೆಗಾಲದಲ್ಲಿ ರಸ್ತೆಬದಿಯ ತೊರೆಗಳಿಗೆಲ್ಲ ಜೀವ ಬರುತ್ತದೆ. ಎಂಟು ವರ್ಷಕ್ಕೊಮ್ಮೆ ಇಳಿಜಾರುಗಳಲ್ಲಿ ಕಾರ್ವಿ ಗಿಡ ನೇರಳೆ ಬಣ್ಣದ ಹೂ ಹೊದೆಯುತ್ತದೆ. 2016ರಲ್ಲಿ ಅರಳಿದ್ದು ಮತ್ತೆ 2024ರಲ್ಲಿ ಅರಳಿತು. ಕಾಡಿನ ಒಳಗಿನ ಪಾಡಾ ಎಂಬ ಹಾಡಿಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ವಾರ್ಲಿ ಮೊದಲಾದ ಆದಿವಾಸಿ ಕುಟುಂಬಗಳ ಹೆಂಗಸರು ದಾರಿಯ ಬದಿಗೆ ಬುಟ್ಟಿ ಇಟ್ಟುಕೊಂಡು ಸೌತೆಕಾಯಿ, ಪೇರಳೆ, ಕಾಲಕ್ಕೆ ತಕ್ಕ ಹಣ್ಣು ಮಾರುತ್ತಾರೆ. ಅವರೊಂದಿಗೆ ಐದು ರೂಪಾಯಿಗೆ ಚೌಕಾಸಿ ಮಾಡುವವರನ್ನು ಕಂಡಾಗ ಮಾತ್ರ ನನಗೆ ಮುಜುಗರ. ಇದೇ ಕಾಡಿನ ಮಡಿಲಲ್ಲಿ ವಿಹಾರ್ ಮತ್ತು ತುಳಸಿ ಎಂಬ ಎರಡು ಕೆರೆಗಳಿವೆ. ವಿಹಾರ್ ಸಿದ್ಧವಾದದ್ದು 1860ರಲ್ಲಿ, ತುಳಸಿ 1879ರಲ್ಲಿ. ಊರಿನ ಅಗತ್ಯ ಎಷ್ಟೋ ಪಟ್ಟು ಬೆಳೆದು ನೀರು ದೂರದ ಅಣೆಕಟ್ಟುಗಳಿಂದ ಬರುವಂತಾದರೂ, ಈ ಎರಡರ ನೀರು ಇಂದಿಗೂ ಮುಂಬಯಿಯ ನಲ್ಲಿಗಳಲ್ಲಿ ಸೇರಿದೆ. ಕಾಡಿಗೆ ಒಮ್ಮೆಯೂ ಕಾಲಿಡದವರ ಮನೆಯಲ್ಲೂ ಅದರ ಪಾಲು ಇಷ್ಟಿದೆ ಎಂದಾಯಿತು.

ದಾರಿಯ ಕೊನೆಗೆ ಕಾನ್ಹೇರಿ. ಕಪ್ಪು ಬಸಾಲ್ಟ್ ಗುಡ್ಡದಲ್ಲಿ ನೂರಕ್ಕೂ ಮಿಕ್ಕಿದ ಗುಹೆಗಳು, ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ವಾಸಿಸಿದ ಜಾಗ. ಮೂರನೆಯ ಗುಹೆಯ ಚೈತ್ಯದ ಎತ್ತರದ ಬುದ್ಧರನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಹಿಡಿಸುವುದು ಕಾಲ ಕೆಳಗಿನ ಕೆಲಸ. ಗುಡ್ಡ ಹತ್ತಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಗುಹೆಗಳ ಮುಂದೆ ಕೂರಲು ಕಲ್ಲಿನ ಜಗಲಿಗಳು. ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದು ತರುವ ಸಣ್ಣ ಕಾಲುವೆಗಳು, ಅವು ಬಂದು ಸೇರುವ ನೀರಿನ ತೊಟ್ಟಿಗಳು. ಒಂದು ಮಳೆಗಾಲದ ನೀರನ್ನು ಮುಂದಿನ ಮಳೆಗಾಲದವರೆಗೆ ಕಾಪಿಡುವ ಗೃಹಕೃತ್ಯ ಅದು. ಇದನ್ನೆಲ್ಲ ಒಬ್ಬ ಚಕ್ರವರ್ತಿ ಒಂದೇ ಉಸಿರಿಗೆ ಮಾಡಿಸಿದ್ದಲ್ಲ. ಸೋಪಾರ, ಕಲ್ಯಾಣಗಳ ವ್ಯಾಪಾರಿಗಳು ಒಬ್ಬರು ಗುಹೆ, ಇನ್ನೊಬ್ಬರು ತೊಟ್ಟಿ ಎಂದು ಕೊಟ್ಟದ್ದು. ಕೆಲವರು ಅಸಲು ಮುಟ್ಟದೆ ಬಡ್ಡಿಯಿಂದ ಮಾತ್ರ ಖರ್ಚು ನಡೆಯಲಿ ಎಂದು ಅಕ್ಷಯನಿಧಿಯನ್ನೂ ಇಟ್ಟರು. ಅವರ ದಾನದ ವಿವರ ಗೋಡೆಗಳ ಮೇಲೆ ಇನ್ನೂ ಉಳಿದಿದೆ. ಕನ್ನಡಿಗರಾದ ನಮಗೆ ಹತ್ತಿರದ ಸಂಗತಿಯೊಂದು ಇಲ್ಲಿದೆ. ಒಂಬತ್ತನೆಯ ಶತಮಾನದ ಕೆಲವು ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುತ್ತದೆ, ಕವಿರಾಜಮಾರ್ಗ ಹುಟ್ಟಿದ್ದು ಯಾರ ಆಸ್ಥಾನದಲ್ಲೋ ಅದೇ ನೃಪತುಂಗನದು. ಆಗ ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಆ ಶಾಸನಗಳಲ್ಲಿ ಕ್ರಿ.ಶ. 843ರ ಸುಮಾರಿನ ಒಂದು ದತ್ತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅದು ಹಣವನ್ನು ಒಟ್ಟಾಗಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಪೂಜೆಗೆ ಇಷ್ಟು, ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಗಳಿಗೆ ಇಷ್ಟು ಎಂದು ಬಾಬ್ತು ಬಾಬ್ತಾಗಿ ಹಂಚುತ್ತದೆ. ತಿಂಗಳ ಮೊದಲ ವಾರ ಸಂಬಳ ಕೈಗೆ ಬಂದಾಗ ಬಾಡಿಗೆ, ಹಾಲು, ಶಾಲೆಯ ಫೀಸು ಎಂದು ಲಕೋಟೆಗಳಿಗೆ ಹಂಚುತ್ತಿದ್ದ ನಮ್ಮ ಹಿರಿಯರ ಕೈ ಹಾಗೆಯೇ ನಡೆಯುತ್ತಿತ್ತು. ಪೂಜೆಗೆ ಕೊಡುವವರು ಎಂದಿಗೂ ಇದ್ದಾರೆ. ಸೋರುವ ಚಾವಣಿಗೆ, ಸವೆದ ಮೆಟ್ಟಿಲಿಗೆ ಎಂದು ನೆನಪಿಟ್ಟು ಕೊಟ್ಟ ಮನಸ್ಸಿಗೆ ನನ್ನ ನಮಸ್ಕಾರ ಒಂದು ಹೆಚ್ಚು.

ಗುಡ್ಡದ ಮೇಲಿನ ದುರಸ್ತಿ ಹಾಗಾಯಿತು. ಕೆಳಗಿನ ಕಾಡಿನ ದುರಸ್ತಿಯ ಪಾಠವನ್ನು ಮುಂಬಯಿ ಬಹಳ ಕಷ್ಟಪಟ್ಟು ಕಲಿತಿದೆ. ಈ ಕಾಡಿನಲ್ಲಿ ಚಿರತೆಗಳಿವೆ. 2002ರಿಂದ 2004ರ ತನಕ ಕಾಡಿನ ಅಂಚಿನ ವಸತಿಗಳಲ್ಲಿ ಅವು ಸಾಲಾಗಿ ಜನರ ಮೇಲೆ ಬಿದ್ದವು, ಮಕ್ಕಳೂ ಸತ್ತರು. ಬೇರೆಡೆ ಹಿಡಿದ ಚಿರತೆಗಳನ್ನು ತಂದು ಇಲ್ಲಿ ಬಿಟ್ಟದ್ದು ಅದಕ್ಕೆ ಒಂದು ಕಾರಣವೆಂದು ತಜ್ಞರು ತೋರಿಸಿಕೊಟ್ಟರು. ಇನ್ನೊಂದು ಕಾರಣ ನಮ್ಮ ಮನೆಯ ಕಸದ ಡಬ್ಬಿಯಿಂದ ಶುರುವಾಗುತ್ತದೆ. ಕಸ ಇದ್ದಲ್ಲಿ ಬೀದಿನಾಯಿ ಸೇರುತ್ತದೆ, ನಾಯಿಯ ಬೆನ್ನಿಗೆ ಚಿರತೆ ಬರುತ್ತದೆ. 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು ಮತ್ತು ನಾಗರಿಕರು ಜೊತೆಗೂಡಿ ಅಂಚಿನ ಬಡಾವಣೆ, ಪಾಡಾಗಳಿಗೆಲ್ಲ ಹೋಗಿ ಹೇಳತೊಡಗಿದ ಮಾತುಗಳಲ್ಲಿ ಘನವಾದದ್ದು ಏನೂ ಇರಲಿಲ್ಲ. ಕಸ ಎತ್ತಿಸಿ, ದೀಪ ಹಾಕಿಸಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳಿಸಬೇಡಿ, ಚಿರತೆ ಕಂಡರೆ ಗುಂಪುಗೂಡಿ ಸುತ್ತುವರಿಯಬೇಡಿ. ಅಂಥ ಸಾವಿನ ಸರಣಿ ಮತ್ತೆ ಬರಲಿಲ್ಲ. ಅಪಾಯ ಪೂರ್ತಿ ಹೋಗಿದೆ ಎಂದಲ್ಲ. ಪಕ್ಕದ ಆರೆ ಕಾಲೊನಿಯ ತಾಯಂದಿರು ಇಂದಿಗೂ ಸಂಜೆ ಎಚ್ಚರದಿಂದಲೇ ಇರುತ್ತಾರೆ. ಸಂಜೆ ಗೇಟು ಮುಚ್ಚುವ ಹೊತ್ತಿಗೆ ಕಾವಲುಗಾರ ‘ಚಲಾ, ಚಲಾ’ ಎಂದು ಅವಸರಿಸಿದರೆ ನಾವು ಗೊಣಗುವುದುಂಟು. ಹಗಲಿನ ಪಾಳಿ ನಮ್ಮದು, ರಾತ್ರಿಯದು ಚಿರತೆಗಳದು. ಪಾಳಿಯ ಶಿಸ್ತನ್ನು ಗಿರಣಿಗಳ ಕಾಲದಿಂದ ಬಲ್ಲ ಊರಿಗೆ ಇದು ಅರ್ಥವಾಗದ ಲೆಕ್ಕವೇನಲ್ಲ.

ಮುಂಬಯಿಯ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ವಿಹಾರಕೂಟ ಇಟ್ಟುಕೊಳ್ಳುವುದು ಹಳೆಯ ರೂಢಿ. ಬಸ್ಸು ಮಾಡಿಕೊಂಡು ದೂರದ ರೆಸಾರ್ಟಿಗೆ ಹೋಗಿ, ಬಂದ ಮರುದಿನ ಸೊಂಟನೋವು ಎನ್ನುವುದಕ್ಕಿಂತ ಒಂದು ವರ್ಷ ಕಾನ್ಹೇರಿಯ ದಾರಿಯನ್ನು ಆಯ್ದುಕೊಳ್ಳಬಹುದು. ಸೋಮವಾರ ರಜೆ, ಉಳಿದ ದಿನಗಳಲ್ಲಿ ಬೆಳಿಗ್ಗೆ ಬೇಗ ಹೋದರೆ ನೆರಳೂ ಇರುತ್ತದೆ, ಜಾಗವೂ ಇರುತ್ತದೆ. ಚಿತ್ರಾನ್ನದ ಡಬ್ಬಿಯನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗೆ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ತಟ್ಟೆಯ ಬದಲು ಮನೆಯ ಸ್ಟೀಲ್ ತಟ್ಟೆಯೇ ಸಾಕು. ಹಣ್ಣನ್ನು ದಾರಿಯ ಬುಟ್ಟಿಗಳಿಂದಲೇ ಕೊಳ್ಳಬಹುದು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಖಜಾಂಚಿಯವರು ತಿಂಡಿ, ಟಿಕೆಟು, ಮಕ್ಕಳ ಬಹುಮಾನ ಎಂದು ಖರ್ಚಿನ ಪಟ್ಟಿ ಬರೆಯುತ್ತಾರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ನಾಲ್ಕು ಗೋಣಿಚೀಲ, ಹತ್ತು ಜೊತೆ ಕೈಗವಸು. ದಾರಿಯ ಕಸ ನಾವು ಬಿಸಾಡಿದ್ದಲ್ಲ ಎಂಬ ವಾದ ಸಭೆಯಲ್ಲಿ ಖಂಡಿತ ಬರುತ್ತದೆ. ಬಂದರೆ ಬರಲಿ, ಖಜಾಂಚಿಯವರು ಆ ಸಾಲನ್ನು ಅಳಿಸದಿದ್ದರಾಯಿತು.